ಅಚ್ಚಿಗಿಳಿದ ಅನುಪಾತ

ಪ್ರಸಿದ್ಧ ವರ್ಣಚಿತ್ರವೊಂದರ ಅಚ್ಚಿನ ಪ್ರತಿಯನ್ನು ಕೊಂಡು, ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕುವ ರೂಢಿಯನ್ನು ಕಲೆ ಬಲ್ಲವರು ಹೆಚ್ಚಾಗಿ ಅರೆಮನಸ್ಸಿನಿಂದಲೇ ಒಪ್ಪಿಕೊಳ್ಳುತ್ತಾರೆ. ಮೂಲಕೃತಿ ಕೈಗೆಟುಕದವರು ಅದರ ನೆರಳಿನಿಂದ ತೃಪ್ತಿಪಡುತ್ತಿದ್ದಾರೆ, ಅಲಂಕಾರವನ್ನೇ ಕಲೆಯೆಂದು ಭ್ರಮಿಸಿದ್ದಾರೆ ಎಂಬ ಭಾವ ಆ ಒಪ್ಪಿಗೆಯ ಹಿಂದೆ ಇರುತ್ತದೆ. ಈ ಆಕ್ಷೇಪದ ಹಿಂದಿರುವ ತಾತ್ವಿಕ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದ್ದು ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1936ರಲ್ಲಿ ಪ್ರಕಟಿಸಿದ, ಯಾಂತ್ರಿಕ ಪುನರುತ್ಪಾದನೆಯ ಯುಗದ ಕಲಾಕೃತಿಯನ್ನು ಕುರಿತ ಪ್ರಬಂಧ. ಒಂದು ಸ್ಥಳದಲ್ಲಿ, ಒಂದು ಕಾಲದ ಹಾದಿಯನ್ನು ಸವೆಸಿ ನಿಂತಿರುವ ಮೂಲಕೃತಿಗೆ ಒಂದು ಪ್ರಭಾವಲಯವಿರುತ್ತದೆ, ಎಷ್ಟೇ ನಿಖರವಾದ ಪ್ರತಿಯಲ್ಲಿಯೂ ಅದು ಉಳಿಯುವುದಿಲ್ಲ ಎಂಬುದು ಅಲ್ಲಿಯ ವಾದ. ಬೆಂಜಮಿನ್ ಅದಕ್ಕಾಗಿ ಬರಿದೆ ಮರುಗಲಿಲ್ಲ, ಆ ನಷ್ಟದಲ್ಲಿಯೇ ಜನಸಾಮಾನ್ಯರಿಗೆ ಒಂದು ಲಾಭವನ್ನೂ ಕಂಡಿದ್ದ ಎಂಬುದನ್ನು ಮಾತ್ರ ಆಕ್ಷೇಪಿಸುವವರು ಮರೆಯುತ್ತಾರೆ.

ಅಚ್ಚಿನ ಚಿತ್ರದ ಬಗ್ಗೆ ಈ ನಾಡಿನ ಮನೆಗಳಿಗೆ ಅಂಥ ಮುಜುಗರವೇನೂ ಇರಲಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್ಕೋಪರ್‌ನಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಹೊರಬಂದ ಓಲಿಯೊಗ್ರಾಫ್‌ಗಳು, ಅಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಬಳಸಿ ತೈಲಚಿತ್ರದ ಹೊಳಪು ಬರುವಂತೆ ಅಚ್ಚುಹಾಕಿದ ಚಿತ್ರಗಳು, ಕರ್ನಾಟಕದ ದೇವರಮನೆಗಳಲ್ಲಿಯೂ ಲಕ್ಷ್ಮಿ ಸರಸ್ವತಿಯರ ಪಟಗಳಾಗಿ ನೆಲೆಗೊಂಡವು. ಪೂಜಿಸುವವರಿಗೆ ಬೇಕಾಗಿದ್ದದ್ದು ದೇವಿಯ ಲಕ್ಷಣಗಳೇ ಹೊರತು ಕಲಾವಿದನ ಕುಂಚದ ಗುರುತಲ್ಲವಾದ್ದರಿಂದ, ಪಟ ಮೂಲವೋ ಪ್ರತಿಯೋ ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಆದರೆ ಇಲ್ಲಿ ಚರ್ಚಿಸಬೇಕಾದದ್ದು ಭಕ್ತಿಯ ಪಟವನ್ನಲ್ಲ, ಗಣಿತಪ್ರೇರಿತ ಅಮೂರ್ತ ಕಲೆಯನ್ನು. ಕಣ್ಣಿಗೆ ಕಾಣುವ ಯಾವ ವಸ್ತುವನ್ನೂ ಅನುಕರಿಸದೆ, ಸಂಖ್ಯೆ, ಅನುಪಾತ, ಶ್ರೇಣಿ, ಸಮಮಿತಿ ಇವುಗಳ ನಿಯಮದಿಂದಲೇ ರೂಪವನ್ನು ನಿರ್ಧರಿಸಿಕೊಳ್ಳುವ ಕಲೆಯನ್ನು. ಇಂಥ ಕೃತಿಯ ಪ್ರತಿಯನ್ನು ಕೊಳ್ಳುವುದಕ್ಕೆ ಬೇರೆಲ್ಲ ಚಿತ್ರಗಳ ಪ್ರತಿಗಿಂತ ಹೆಚ್ಚಿನ ಸಮರ್ಥನೆಯಿದೆ, ಏಕೆಂದರೆ ಆ ಸಮರ್ಥನೆ ಕೃತಿಯ ಒಳಗಿನಿಂದಲೇ ಬರುತ್ತದೆ. ಹಾಗೆಂದು ಆ ಸಮರ್ಥನೆ ಎಲ್ಲ ಕೃತಿಗಳಿಗೂ ಒಂದೇ ಸಮನಾಗಿ ಅನ್ವಯಿಸುವುದಿಲ್ಲ, ಮತ್ತು ಮಾರುವವರು ಆ ವ್ಯತ್ಯಾಸವನ್ನು ಹೇಳುವುದೂ ಇಲ್ಲ.

ಈ ಪರಂಪರೆಯ ಕಲಾವಿದರು ತಮ್ಮ ಕೈಯ ಅನನ್ಯತೆಯನ್ನು ತಾವೇ ಬಿಟ್ಟುಕೊಟ್ಟವರು. ಡಚ್ ಕಲಾವಿದ ಥಿಯೊ ವಾನ್ ಡೂಸ್‌ಬರ್ಗ್ ಮತ್ತು ಸಂಗಡಿಗರು 1930ರಲ್ಲಿ ಪ್ಯಾರಿಸ್ಸಿನಿಂದ ಹೊರತಂದ ಮೂರ್ತ ಕಲೆಯ ಘೋಷಣಾಪತ್ರ, ಕೃತಿಯು ಕೈಗೆ ಇಳಿಯುವ ಮೊದಲೇ ಬುದ್ಧಿಯಲ್ಲಿ ಪೂರ್ಣವಾಗಿ ರೂಪುಗೊಂಡಿರಬೇಕು, ರಚನಾವಿಧಾನ ಯಂತ್ರದಂತೆ ಕರಾರುವಾಕ್ಕಾಗಿರಬೇಕು ಎಂದು ಒತ್ತಾಯಿಸಿತು. ಅಮೂರ್ತವೆಂದು ಜನ ಕರೆಯುವುದನ್ನು ಅವರು ಮೂರ್ತವೆಂದು ಕರೆದದ್ದಕ್ಕೆ ಕಾರಣವಿದೆ: ಒಂದು ರೇಖೆ, ಒಂದು ಬಣ್ಣ, ಒಂದು ಸಮತಲ ಇವು ಯಾವುದರ ಚಿಹ್ನೆಯೂ ಅಲ್ಲ, ತಾವೇ ವಸ್ತುಗಳು ಎಂಬುದು ಅವರ ನಿಲುವು. ಅದೇ ಹೊತ್ತಿನಲ್ಲಿ ಡೂಸ್‌ಬರ್ಗ್ ರಚಿಸಿದ, ಈಗ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ‘ಅಂಕಗಣಿತೀಯ ಸಂಯೋಜನೆ’ ಎಂಬ ಚಿತ್ರದ ಬದಿ ಸುಮಾರು ಒಂದು ಮೀಟರ್. ಅದರ ಕರ್ಣದ ಗುಂಟ ನಾಲ್ಕು ಕಪ್ಪು ಚೌಕಗಳು ಸಾಲಾಗಿ ನಿಂತಿವೆ. ಪ್ರತಿ ಚೌಕದ ಬದಿಯೂ ಹಿಂದಿನದರ ಅರ್ಧ, ಆದ್ದರಿಂದ ವಿಸ್ತೀರ್ಣ ಕಾಲುಭಾಗ, ಚೌಕಗಳ ನಡುವಿನ ಅಂತರವೂ ಅದೇ ಲೆಕ್ಕದಲ್ಲಿ ಕುಗ್ಗುತ್ತ ಹೋಗುತ್ತದೆ. ನಾಲ್ಕನೆಯದರ ನಂತರ ಐದನೆಯದು ಎಲ್ಲಿ ಬರಬೇಕು, ಎಷ್ಟು ದೊಡ್ಡದಿರಬೇಕು ಎಂಬುದನ್ನು ನೋಡುವವರೇ ಹೇಳಬಲ್ಲರು, ಹಾಗೆ ಹೇಳಬಲ್ಲದ್ದರಲ್ಲಿಯೇ ಚಿತ್ರದ ಸುಖವಿದೆ. ಈ ಕೃತಿಯನ್ನು ಅರ್ಧ ಮೀಟರಿಗೆ ಇಳಿಸಿ ಅಚ್ಚುಹಾಕಿದರೆ ಅನುಪಾತ ಕದಲುವುದಿಲ್ಲ. ಅಷ್ಟೇ ಅಲ್ಲ, ಚಿತ್ರವು ತನ್ನ ಚೌಕಗಳಿಗೆ ಏನು ಮಾಡುತ್ತದೆಯೋ ಅದನ್ನೇ ಅಚ್ಚಿನವನು ಇಡೀ ಚಿತ್ರಕ್ಕೆ ಮಾಡಿದಂತಾಗುತ್ತದೆ; ಅರ್ಧಕ್ಕಿಳಿದ ಪ್ರತಿ ಆ ಶ್ರೇಣಿಗೆ ಹೊರಗಿನದೆಂದು ವಾದಿಸುವುದು ಕಷ್ಟ.

ಹಂಗೇರಿಯ ಲಾಸ್ಲೊ ಮೊಹೊಯ್-ನಾಗಿ ಇನ್ನೂ ಮುಂದೆ ಹೋಗಿದ್ದ. 1923ರಲ್ಲಿ ಅವನು ಫಲಕ ತಯಾರಿಸುವ ಕಾರ್ಖಾನೆಯೊಂದಕ್ಕೆ ಒಂದೇ ವಿನ್ಯಾಸವನ್ನು ಉಕ್ಕಿನ ತಗಡಿನ ಮೇಲೆ ಎನಾಮೆಲ್‌ನಲ್ಲಿ ಮೂರು ಅಳತೆಗಳಲ್ಲಿ ಮಾಡಿಕೊಡಲು ಹೇಳಿದ. ದೊಡ್ಡದರ ಎತ್ತರ ಸುಮಾರು 94 ಸೆಂ.ಮೀ., ನಡುವಿನದು ಅದರ ಅರ್ಧ, ಚಿಕ್ಕದು ಕಾಲುಭಾಗ. ಗ್ರಾಫ್ ಹಾಳೆ ಮತ್ತು ಬಣ್ಣದ ಪಟ್ಟಿಯನ್ನು ಮುಂದಿಟ್ಟುಕೊಂಡು ದೂರವಾಣಿಯಲ್ಲೇ ಇದನ್ನು ಹೇಳಿ ಮಾಡಿಸಿದ್ದಾಗಿ ಅವನು ಮುಂದೆ ಬರೆದುಕೊಂಡ. ನಿಜವಾಗಿ ದೂರವಾಣಿ ಬಳಸಿದ್ದನೋ, ಬಳಸಬಹುದಿತ್ತು ಎಂದಷ್ಟೇ ಹೇಳಿದ್ದನೋ ಎಂಬ ಚರ್ಚೆ ಇದೆಯಾದರೂ ವಾದಕ್ಕೆ ಅದರಿಂದ ಬಾಧೆಯಿಲ್ಲ: ಅಂಕಿಗಳಲ್ಲಿ ಹೇಳಿ ಮುಗಿಸಬಹುದಾದ ಚಿತ್ರಕ್ಕೆ ಕಲಾವಿದನ ಕೈ ಅನಿವಾರ್ಯವಲ್ಲ. ಸ್ವಿಸ್ ಕಲಾವಿದ ಮ್ಯಾಕ್ಸ್ ಬಿಲ್ 1938ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ‘ಒಂದೇ ವಿಷಯದ ಮೇಲೆ ಹದಿನೈದು ಭೇದಗಳು’ ಎಂಬ ಮಾಲೆಯಲ್ಲಂತೂ ಮೂಲವೇ ಮುದ್ರಣ. ಸಮಬಾಹು ತ್ರಿಭುಜದಿಂದ ಹೊರಟ ಒಂದು ರೇಖೆ, ಬದಿಯ ಉದ್ದವನ್ನು ಬದಲಿಸದೆ, ಚೌಕ, ಪಂಚಭುಜ, ಷಡ್ಭುಜ, ಸಪ್ತಭುಜಗಳನ್ನು ಹಾದು ಅಷ್ಟಭುಜದವರೆಗೆ ಬಿಚ್ಚಿಕೊಳ್ಳುವುದು ಅಲ್ಲಿಯ ವಿಷಯ. ಉಳಿದ ಹದಿನೈದು ಹಾಳೆಗಳು ಅದೇ ಅಸ್ಥಿಪಂಜರಕ್ಕೆ ಬಣ್ಣ, ವೃತ್ತ, ಬಿಂದುಗಳನ್ನು ತೊಡಿಸಿ ನೋಡುತ್ತವೆ. ಇವು ಲಿಥೊಗ್ರಾಫ್‌ಗಳು, ಅಂದರೆ ಎಣ್ಣೆಗೂ ನೀರಿಗೂ ಕೂಡಿಬರದ ಗುಣವನ್ನು ಬಳಸಿ ಕಲ್ಲು ಅಥವಾ ಲೋಹದ ತಗಡಿನಿಂದ ಎತ್ತಿದ ಅಚ್ಚುಗಳು. ಇವುಗಳ ಹಿಂದೆ ಯಾವುದೋ ಕ್ಯಾನ್‌ವಾಸ್ ಅಡಗಿ ಕೂತಿದೆ ಎಂದು ಹುಡುಕುವವರಿಗೆ ಏನೂ ಸಿಗುವುದಿಲ್ಲ.

ಚುಕ್ಕಿ ರಂಗೋಲಿಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಏಳು ಚುಕ್ಕಿಯಿಂದ ಒಂದಕ್ಕೆ ಇಳಿಯುವ ವಿನ್ಯಾಸ ನೋಟುಬುಕ್ಕಿನಿಂದ ಅಂಗಳಕ್ಕೆ, ಅಂಗಳದಿಂದ ಇನ್ನೊಬ್ಬರ ನೋಟುಬುಕ್ಕಿಗೆ ಸಾಗುವಾಗ ಅದರ ಮೊದಲ ಪ್ರತಿ ಯಾವುದೆಂದು ಯಾರೂ ಕೇಳುವುದಿಲ್ಲ, ಕೇಳುವುದೇನಿದ್ದರೂ ಎಳೆ ಎಲ್ಲಿಯೂ ತಪ್ಪದೆ ಕೂಡಿಕೊಂಡಿತೇ ಎಂದು. ರಂಗೋಲಿಯನ್ನು ದಿನವೂ ಹೊಸದಾಗಿ ಇಡುತ್ತಾರೆ, ಗೋಡೆಯ ಪ್ರತಿ ವರ್ಷಗಟ್ಟಲೆ ಹಾಗೇ ಇರುತ್ತದೆ ಎಂಬ ಅಂತರ ಸಣ್ಣದಲ್ಲ, ಆದರೆ ನಿಯಮವೇ ಕೃತಿಯಾಗಬಲ್ಲದು ಎಂಬ ಮಾತಿಗೆ ಇಷ್ಟು ಸಾಕು.

ಇಲ್ಲಿಯವರೆಗಿನ ವಾದವನ್ನು ಪೂರ್ತಿ ನಂಬಿ ಅಂಗಡಿಗೆ ಹೋದವರು ಮೋಸಹೋಗುವುದು ಖಂಡಿತ, ಏಕೆಂದರೆ ಕೃತಿಯ ನಿಯಮ ಅನುಪಾತದಲ್ಲಿ ಮಾತ್ರ ಇರುವುದಿಲ್ಲ. ಕೆಲವು ಕೃತಿಗಳಲ್ಲಿ ಅದು ಬಣ್ಣದಲ್ಲಿದೆ, ಕೆಲವುಗಳಲ್ಲಿ ಅಳತೆಯಲ್ಲಿ, ಮತ್ತೆ ಕೆಲವುಗಳಲ್ಲಿ ಗೆರೆಯ ಸೂಕ್ಷ್ಮತೆಯಲ್ಲಿ. ಮೊಹೊಯ್-ನಾಗಿ ಮೂರು ಅಳತೆಗಳನ್ನು ಮಾಡಿಸಿದ ಉದ್ದೇಶವೂ, ಹಿಗ್ಗಿಸಿದಾಗ ಕುಗ್ಗಿಸಿದಾಗ ಬಣ್ಣಗಳ ಸಂಬಂಧ ಹೇಗೆ ಬದಲಾಗುತ್ತದೆಂದು ನೋಡುವುದೇ ಆಗಿತ್ತು.

ಅತಿ ಹೆಚ್ಚು ಮಾರಾಟವಾಗುವ ಪೀಟ್ ಮೊಂಡ್ರಿಯಾನನ ವಿಷಯದಲ್ಲಿ ಪ್ರತಿಯು ಒಂದು ಸುಳ್ಳನ್ನೇ ಹೇಳುತ್ತದೆ. ಕಪ್ಪು ಗೆರೆಗಳ ನಡುವೆ ಕೆಂಪು, ಹಳದಿ, ನೀಲಿ ಆಯತಗಳಿರುವ ಅವನ ಚಿತ್ರಗಳು ಲೆಕ್ಕ ಹಾಕಿ ರಚಿಸಿದಂಥವೆಂದು ತೋರಿದರೂ ಅವನು ಸಮತೋಲವನ್ನು ಸೂತ್ರದಿಂದಲ್ಲ, ಕಣ್ಣಿನಿಂದ, ಮತ್ತೆ ಮತ್ತೆ ತಿದ್ದಿ ಕಂಡುಕೊಳ್ಳುತ್ತಿದ್ದ. ಮೂಲದಲ್ಲಿ ಬಿಳಿ ಒಂದೇ ಬಿಳಿಯಲ್ಲ, ಕುಂಚದ ಎಳೆತ ಒಂದು ಆಯತದಲ್ಲಿ ಅಡ್ಡಕ್ಕಿದ್ದರೆ ಇನ್ನೊಂದರಲ್ಲಿ ಉದ್ದಕ್ಕಿದೆ, ಕೆಲವು ಚಿತ್ರಗಳಲ್ಲಿ ಕಪ್ಪು ಗೆರೆ ಅಂಚನ್ನು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಅಚ್ಚು ಈ ಹಿಂಜರಿಕೆಗಳನ್ನೆಲ್ಲ ಸವರಿ ಸಪಾಟು ಮಾಡಿ, ಅವನು ಇದ್ದುದಕ್ಕಿಂತ ಹೆಚ್ಚಿನ ಗಣಿತಜ್ಞನನ್ನಾಗಿ ತೋರಿಸುತ್ತದೆ. ಮೊಂಡ್ರಿಯಾನನ ಪ್ರತಿಯನ್ನು ಕೊಳ್ಳಬಾರದೆಂದಲ್ಲ. ಆದರೆ ಅದು ಡೂಸ್‌ಬರ್ಗ್‌ನ ಪ್ರತಿಯಷ್ಟು ಪ್ರಾಮಾಣಿಕವಲ್ಲ.

ಬಣ್ಣವೇ ನಿಯಮವಾದ ಕಡೆ ನಷ್ಟ ಇನ್ನೂ ಹೆಚ್ಚು. ಜೋಸೆಫ್ ಆಲ್ಬರ್ಸ್ 1950ರಲ್ಲಿ ಆರಂಭಿಸಿ 1976ರಲ್ಲಿ ಸಾಯುವವರೆಗೂ ಮುಂದುವರಿಸಿದ ‘ಚೌಕಕ್ಕೆ ನಮನ’ ಮಾಲೆಯಲ್ಲಿ ಸಾವಿರಕ್ಕೂ ಹೆಚ್ಚು ಕೃತಿಗಳಿವೆ. ಒಂದರೊಳಗೊಂದು ಕೂತ ಮೂರು ಅಥವಾ ನಾಲ್ಕು ಚೌಕಗಳು, ಅಷ್ಟೆ. ಒಂದೇ ಬಣ್ಣ ತನ್ನ ನೆರೆಯ ಬಣ್ಣಕ್ಕೆ ತಕ್ಕಂತೆ ಬೇರೆಯಾಗಿ ಕಾಣುವುದನ್ನು ತೋರಿಸುವುದೇ ಅವುಗಳ ಕೆಲಸವಾದ್ದರಿಂದ ಅವನು ಬಣ್ಣವನ್ನು ಬೆರೆಸದೆ, ಟ್ಯೂಬಿನಿಂದ ತೆಗೆದುದನ್ನು ಹಾಗೆಯೇ ಅಲಗಿನಿಂದ ಬಳಿದು, ಯಾವ ತಯಾರಕರ ಯಾವ ಬಣ್ಣ ಎಂಬುದನ್ನು ಹಲಗೆಯ ಹಿಂಭಾಗದಲ್ಲಿ ಬರೆದಿಡುತ್ತಿದ್ದ. ಸಾಮಾನ್ಯ ಆಫ್‌ಸೆಟ್ ಮುದ್ರಣವಾದರೋ ನಾಲ್ಕೇ ಶಾಯಿಗಳ ಸಣ್ಣ ಸಣ್ಣ ಚುಕ್ಕೆಗಳನ್ನು ಒತ್ತಾಗಿಯೋ ವಿರಳವಾಗಿಯೋ ಚೆಲ್ಲಿ ಎಲ್ಲ ಬಣ್ಣಗಳ ಭ್ರಮೆಯನ್ನು ಹುಟ್ಟಿಸುವ ವಿಧಾನ. ಉಜ್ವಲ ಕಿತ್ತಳೆ, ಆಳವಾದ ನೀಲಿ, ಕೆಲವು ಹಸಿರುಗಳು ಅದರ ವ್ಯಾಪ್ತಿಗೆ ಬರುವುದೇ ಇಲ್ಲ. ಎಲ್ಲ ಬಣ್ಣಗಳೂ ಸಮನಾಗಿ ಮಂಕಾದರೆ ಸಂಬಂಧವಾದರೂ ಉಳಿದೀತು, ಆದರೆ ಕಿತ್ತಳೆ ಹೆಚ್ಚು ಕುಗ್ಗಿ ಬೂದು ಹಾಗೇ ನಿಂತರೆ ಕೃತಿಯ ಪ್ರಮೇಯವೇ ಬಿದ್ದುಹೋಗುತ್ತದೆ. ಆಲ್ಬರ್ಸ್ 1963ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಹೊರತಂದ, ಬಣ್ಣಗಳ ಪರಸ್ಪರ ಪ್ರಭಾವವನ್ನು ಕುರಿತ ತನ್ನ ಗ್ರಂಥದ ಫಲಕಗಳನ್ನು ಸ್ಕ್ರೀನ್ ಮುದ್ರಣದಲ್ಲಿ, ಅಂದರೆ ಜಾಲರಿಯ ಮೂಲಕ ಒಂದೊಂದು ಬಣ್ಣವನ್ನೂ ಇಡಿಯಾಗಿ ಒತ್ತುವ ವಿಧಾನದಲ್ಲಿ ಸಿದ್ಧಪಡಿಸಿದ್ದರ ಹಿಂದಿನ ತರ್ಕ ಇದರಿಂದ ಸ್ಪಷ್ಟವಾಗುತ್ತದೆ. ಇಂದಿನ ಒಳ್ಳೆಯ ಇಂಕ್‌ಜೆಟ್ ಯಂತ್ರಗಳು ಎಂಟು, ಹತ್ತು, ಹನ್ನೆರಡು ವರ್ಣದ್ರವ್ಯದ ಶಾಯಿಗಳನ್ನು ಬಳಸುವುದರಿಂದ ಈ ಅಂತರವನ್ನು ಬಹುಮಟ್ಟಿಗೆ ತಗ್ಗಿಸಿವೆ. ಆಲ್ಬರ್ಸ್‌ನಂಥವನ ಪ್ರತಿಯನ್ನು ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಅದು ಯಾವ ವಿಧಾನದ ಮುದ್ರಣ ಎಂಬುದೇ.

ಬ್ರಿಜೆಟ್ ರೈಲಿ ಅವರ 1961ರ ‘ಚೌಕಗಳಲ್ಲಿ ಚಲನೆ’ಗೆ ಬಣ್ಣದ ತೊಡಕಿಲ್ಲ, ಅದು ಬರೀ ಕಪ್ಪು ಬಿಳುಪು. ಚದುರಂಗದ ಹಾಸಿನಂತೆ ಆರಂಭವಾಗುವ ಮನೆಗಳು ಎತ್ತರವನ್ನು ಬಿಡದೆ ಅಗಲವನ್ನು ಮಾತ್ರ ಕಳೆದುಕೊಳ್ಳುತ್ತ ಹೋಗಿ ಎಳೆಗಳಷ್ಟು ಸಣ್ಣಗಾಗುತ್ತವೆ, ಬಳಿಕ ಮತ್ತೆ ಅಗಲವಾಗುತ್ತವೆ, ಹಾಳೆ ಅಲ್ಲಿ ಒಳಕ್ಕೆ ಮಡಿಚಿಕೊಂಡಂತೆ ಕಣ್ಣಿಗೆ ಭಾಸವಾಗುತ್ತದೆ. ಮೂಲದ ಅಗಲ ಸುಮಾರು 120 ಸೆಂ.ಮೀ. ಚಿತ್ರವು ಕಣ್ಣಿನಲ್ಲಿ ಎಷ್ಟು ಕೋನವನ್ನು ತುಂಬುತ್ತದೆ ಎಂಬುದರ ಮೇಲೆ ಈ ಪರಿಣಾಮ ನಿಂತಿರುವುದರಿಂದ, ಮೂರು ಮೀಟರ್ ದೂರದಿಂದ ನೋಡುವ ಮೂಲಕ್ಕೂ ಒಂದು ಮೀಟರ್ ದೂರದಿಂದ ನೋಡುವ 40 ಸೆಂ.ಮೀ.ನ ಪ್ರತಿಗೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಆದರೆ ಅದೇ 40 ಸೆಂ.ಮೀ.ನ ಪ್ರತಿಯನ್ನು ಸೋಫಾದ ಮೇಲ್ಗಡೆ ನೇತುಹಾಕಿ ಎದುರುಗೋಡೆಯಿಂದ ನೋಡಿದರೆ ಸಣ್ಣ ಎಳೆಗಳು ಒಂದರೊಳಗೊಂದು ಕರಗಿ ಬೂದಾಗುತ್ತವೆ, ಮಡಿಕೆ ಮಾಯವಾಗುತ್ತದೆ. ಇಂಥದ್ದನ್ನು ಓದುವ ಮೇಜಿನ ಬಳಿಯಲ್ಲೋ ಮನೆಯೊಳಗಿನ ಇಕ್ಕಟ್ಟಾದ ನಡುದಾರಿಯಲ್ಲೋ ಹಾಕುವುದು ಸರಿ.

ಪೂರ್ಣ ಅಮೂರ್ತವಲ್ಲದಿದ್ದರೂ ಎಂ. ಸಿ. ಎಶರ್‌ನ ‘ವೃತ್ತಮಿತಿ ಮೂರು’ ಈ ಚರ್ಚೆಗೆ ಅನಿವಾರ್ಯ. ಒಂದು ವೃತ್ತದೊಳಗೆ ಮೀನುಗಳು ಅಂಚಿನತ್ತ ಸಾಗುತ್ತ ಕಿರಿದಾಗುತ್ತ ಎಂದೂ ಅಂಚನ್ನು ಮುಟ್ಟದಿರುವ ಈ ರಚನೆ ಹೈಪರ್ಬಾಲಿಕ್ ಜ್ಯಾಮಿತಿಯದು. ಒಂದು ರೇಖೆಗೆ ಹೊರಗಿನ ಬಿಂದುವಿನಿಂದ ಒಂದಕ್ಕಿಂತ ಹೆಚ್ಚು ಸಮಾನಾಂತರ ರೇಖೆಗಳನ್ನು ಎಳೆಯಬಹುದಾದ, ಯೂಕ್ಲಿಡ್‌ನದಲ್ಲದ ಜಗತ್ತನ್ನು ಅದು ಒಂದು ತಟ್ಟೆಯೊಳಗೆ ಅಡಕಮಾಡಿ ತೋರಿಸುತ್ತದೆ. ಗಣಿತಜ್ಞ ಎಚ್. ಎಸ್. ಎಂ. ಕಾಕ್ಸೆಟರ್ ಕಳಿಸಿದ ಲೇಖನವೊಂದರ ಆಕೃತಿಯಿಂದ ಎಶರ್‌ಗೆ ಇದರ ದಾರಿ ಹೊಳೆಯಿತು. ತ್ರಿಕೋನಮಿತಿಯ ನೆರವಿಲ್ಲದೆ ಅವನು ಕೊರೆದ ಬಿಳಿ ಕಮಾನುಗಳು ಅಂಚನ್ನು ಸುಮಾರು 80 ಡಿಗ್ರಿ ಕೋನದಲ್ಲಿ ಸಂಧಿಸುತ್ತವೆ, ಸಂಧಿಸಬೇಕಾದದ್ದೂ ಅಷ್ಟರಲ್ಲೇ ಎಂಬುದನ್ನು ಕಾಕ್ಸೆಟರ್ 1979ರಲ್ಲಿ ಲೆಕ್ಕಹಾಕಿ ತೋರಿಸಿದ. 1959ರ ಈ ಮರದಚ್ಚಿಗೆ ಐದು ಹಲಗೆಗಳಿದ್ದವು, ಒಂದೊಂದೂ ವೃತ್ತದ ಕಾಲುಭಾಗಕ್ಕಷ್ಟೇ ಕೊರೆದದ್ದು. ಆದ್ದರಿಂದ ಒಂದು ಹಾಳೆ ಮುಗಿಯಬೇಕಾದರೆ ಇಪ್ಪತ್ತು ಸಲ ಒತ್ತಬೇಕಿತ್ತು. ಮೂಲದ ವ್ಯಾಸ 41.5 ಸೆಂ.ಮೀ. ಅಂಚಿನ ಬಳಿಯ ಮೀನುಗಳನ್ನು ಉಳಿ ಎಲ್ಲಿಯವರೆಗೆ ಕೊರೆಯಬಲ್ಲದೋ ಅಲ್ಲಿಗೆ ಎಶರ್‌ನ ಅನಂತ ನಿಂತಿತು. ಪ್ರತಿಯಲ್ಲಿ ಅದು ನಿಲ್ಲುವುದು ಅಚ್ಚಿನ ಚುಕ್ಕೆಯ ಬಳಿ: ಅಂಗುಲಕ್ಕೆ 150 ಸಾಲಿನ ಆಫ್‌ಸೆಟ್‌ನಲ್ಲಿ ಚುಕ್ಕೆಗಳ ನಡುವಿನ ದೂರ ಮಿಲಿಮೀಟರಿನ ಆರನೆಯ ಒಂದು ಭಾಗ, ಚಿತ್ರವನ್ನು ಅರ್ಧಕ್ಕೆ ಇಳಿಸಿದರಂತೂ ಕೊನೆಯ ಸುತ್ತುಗಳ ಮೀನುಗಳು ಬಣ್ಣದ ಧೂಳಾಗಿ ಉಳಿಯುತ್ತವೆ. ಇಲ್ಲಿ ಮೂಲದ ಅಳತೆಗಿಂತ ಚಿಕ್ಕದಾದ ಪ್ರತಿಯನ್ನು ಕೊಳ್ಳುವುದು ವ್ಯರ್ಥ, ಮೂಲದಷ್ಟೇ ದೊಡ್ಡದಾದ ಪ್ರತಿಗೆ ದೊಡ್ಡ ಗೋಡೆಯೇನೂ ಬೇಕಾಗಿಲ್ಲ.

ಗಣಿತದ ಹೆಸರಿನಲ್ಲಿ ಮಾರಾಟವಾಗುವ ಎಲ್ಲವೂ ಈ ಪರಂಪರೆಗೆ ಸೇರಿದ್ದಲ್ಲ. ಯಾವುದೋ ಶಂಖದ ಮೇಲೆ ಸುವರ್ಣ ಅನುಪಾತದ ಸುರುಳಿಯನ್ನು ಹೊರಿಸಿದ ಹಾಳೆ ಗಣಿತದ ಜಾಹೀರಾತೇ ಹೊರತು ಗಣಿತದಿಂದ ಹುಟ್ಟಿದ ಕಲೆಯಲ್ಲ. ಅಲ್ಲಿ ಸೂತ್ರ ಚಿತ್ರದ ಮೇಲೆ ಅಂಟಿದೆ, ಚಿತ್ರವನ್ನು ನಿರ್ಧರಿಸಿಲ್ಲ. ಮ್ಯಾಂಡೆಲ್‌ಬ್ರಾಟ್ ಗಣದ, ಅಂದರೆ ಒಂದೇ ಸಮೀಕರಣವನ್ನು ಮತ್ತೆ ಮತ್ತೆ ಅನ್ವಯಿಸಿ ಮೂಡಿಸುವ ಆಕೃತಿಯ, ಚಿತ್ರಗಳ ಪಾಡು ಬೇರೆ: ಅಂಚಿನ ಆಕಾರ ಸಮೀಕರಣದಿಂದಲೇ ಬಂದದ್ದು, ಬಣ್ಣವನ್ನು ಮಾತ್ರ ಕಂಪ್ಯೂಟರಿನ ಮುಂದೆ ಕೂತವರು ತಮ್ಮ ರುಚಿಗೆ ತಕ್ಕಂತೆ ತುಂಬಿದ್ದು. ಜರ್ಮನಿಯ ಜಾರ್ಜ್ ನೀಸ್ 1960ರ ದಶಕದಲ್ಲಿ ರಚಿಸಿದ ‘ಜಲ್ಲಿ’ ಎಂಬ ಕೃತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹನ್ನೆರಡು ಚೌಕಗಳ ಇಪ್ಪತ್ತೆರಡು ಸಾಲುಗಳು ಮೇಲಿನಿಂದ ಕೆಳಗೆ ಇಳಿಯುತ್ತ ಸ್ವಲ್ಪಸ್ವಲ್ಪವೇ ವಾಲಿ, ಜರುಗಿ, ಕೊನೆಗೆ ಚೆಲ್ಲಾಪಿಲ್ಲಿಯಾಗುತ್ತವೆ. ಸಾಲಿನ ಸಂಖ್ಯೆ ಏರಿದಂತೆ ಯಾದೃಚ್ಛಿಕತೆ, ಅಂದರೆ ಮುಂದಾಗಿ ಊಹಿಸಲಾಗದ ಏರುಪೇರು, ಏರಬೇಕೆಂಬ ಒಂದೇ ನಿಯಮದಿಂದ ಕ್ರಮವು ಅಕ್ರಮಕ್ಕೆ ಜಾರುವ ಕಥೆ ಅಲ್ಲಿ ಮೂಡುತ್ತದೆ. ಕಪ್ಪು ಗೆರೆಯಷ್ಟೇ ಇರುವ ಇದನ್ನು ಸಾಧಾರಣ ಮುದ್ರಕವೂ ಕೆಡಿಸಲಾರದು.

ಇನ್ನು ‘ಸೀಮಿತ ಆವೃತ್ತಿ’ಯ ಮಾತು. ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ 45/250 ಎಂದು ಬರೆದಿದ್ದರೆ ಇನ್ನೂರೈವತ್ತು ಅಚ್ಚುಗಳಲ್ಲಿ ಇದು ನಲವತ್ತೈದನೆಯದು ಎಂದರ್ಥ. ಕಲಾವಿದರೇ ಹಲಗೆ ಕೊರೆದು, ತಗಡು ಗೀರಿ ಅಚ್ಚು ಎತ್ತುತ್ತಿದ್ದಾಗ ಈ ಅಂಕಿಗೆ ಅರ್ಥವಿತ್ತು, ಒತ್ತಿದಷ್ಟೂ ತಗಡು ಸವೆಯುತ್ತಿದ್ದುದರಿಂದ ಮೊದಲ ಅಚ್ಚಿಗೂ ಕೊನೆಯದಕ್ಕೂ ಭೇದವಿರುತ್ತಿತ್ತು. ಕ್ಯಾನ್‌ವಾಸಿನ ಛಾಯಾಚಿತ್ರ ತೆಗೆದು, ಗಣಕದಲ್ಲಿಟ್ಟು, ಶಾಯಿ ಇರುವವರೆಗೂ ಅಚ್ಚುಹಾಕಬಹುದಾದ ಪ್ರತಿಗೆ ಅದೇ ಅಂಕಿ ಹಾಕುವುದು, ಇಲ್ಲದ ಕೊರತೆಯನ್ನು ಉಂಟುಮಾಡಿ ಬೆಲೆ ಏರಿಸುವ ಉಪಾಯ. ಯಾವ ಪ್ರಭಾವಲಯವನ್ನು ಈ ಕಲಾವಿದರು ತಾವಾಗಿಯೇ ಕಳಚಿಟ್ಟರೋ ಅದನ್ನೇ ವ್ಯಾಪಾರಿ ಹಿಂಬಾಗಿಲಿನಿಂದ ಒಳಗೆ ತಂದು ಮಾರುತ್ತಾನೆ. ಆ ಹೆಚ್ಚಿನ ಹಣವನ್ನು ದೊಡ್ಡ ಅಳತೆಗೋ ಒಳ್ಳೆಯ ಕಾಗದಕ್ಕೋ ಕಟ್ಟಿಗೋ ಹಾಕಿದರೆ ಕಣ್ಣಿಗೆ ಪ್ರಯೋಜನವಾದರೂ ಉಂಟು.

ಕಟ್ಟು ಹಾಕಿಸುವಾಗ ಆಗುವ ಅನರ್ಥದ ಬಗ್ಗೆ ಯಾರೂ ಮಾತನಾಡುವುದಿಲ್ಲ. ಆಲ್ಬರ್ಸ್‌ನ ನಾಲ್ಕು ಚೌಕಗಳ ವಿನ್ಯಾಸವನ್ನು ಹತ್ತು ಮಾನಗಳ ಚೌಕವೆಂದು ಎಣಿಸಿದರೆ ಹೊರಗಿನ ಪಟ್ಟಿ ಕೆಳಗೆ ಅರ್ಧ, ಪಕ್ಕಗಳಲ್ಲಿ ಒಂದು, ಮೇಲೆ ಒಂದೂವರೆ ಮಾನ, ಅಂದರೆ 1:2:3. ಪ್ರತಿಯ ಬದಿ 40 ಸೆಂ.ಮೀ. ಆದರೆ ಈ ಪಟ್ಟಿಗಳು ಕ್ರಮವಾಗಿ 2, 4, 6 ಸೆಂ.ಮೀ. ಆಗುತ್ತವೆ. ಫ್ರೇಮಿನ ಅಂಗಡಿಯವರು ಹಾಳೆ ಜಾರದಿರಲೆಂದು ಮೌಂಟ್ ಬೋರ್ಡನ್ನು, ಅಂದರೆ ಚಿತ್ರಕ್ಕೂ ಗಾಜಿಗೂ ನಡುವೆ ಕಿಟಕಿ ಕತ್ತರಿಸಿ ಇಡುವ ದಪ್ಪ ರಟ್ಟನ್ನು, ಸುತ್ತಲೂ ಅರ್ಧ ಸೆಂ.ಮೀ. ಒಳಕ್ಕೆ ಚಾಚಿ ಕತ್ತರಿಸಿದರೆ ಕಾಣುವುದು 1.5, 3.5, 5.5 ಮಾತ್ರ, ಅಂದರೆ 3:7:11. ಕಲಾವಿದ ಇಪ್ಪತ್ತಾರು ವರ್ಷ ಬಿಡದೆ ಹಿಡಿದ ಅನುಪಾತ ಒಂದು ಬ್ಲೇಡಿನ ಎಳೆತಕ್ಕೆ ಹೋಯಿತು. ಪ್ರತಿಯನ್ನು ಕ್ಯಾನ್‌ವಾಸಿನ ಮೇಲೆ ಅಚ್ಚುಹಾಕಿ ಅಂಚುಗಳನ್ನು ಮರದ ಪಟ್ಟಿಯ ಹಿಂದಕ್ಕೆ ಮಡಿಚುವ ರೂಢಿಯಲ್ಲಿಯೂ ಆಗುವುದು ಇದೇ. ಆದ್ದರಿಂದ ಸುತ್ತಲೂ ಬಿಳಿ ಅಂಚು ಬಿಟ್ಟು ಅಚ್ಚಾದ ಹಾಳೆಯನ್ನೇ ಆರಿಸಿ, ಚಿತ್ರದ ಅಂಚು ಪೂರ್ತಿ ಕಾಣುವಂತೆ ಮೌಂಟಿನ ಕಿಟಕಿಯನ್ನು ಕೊಂಚ ದೊಡ್ಡದಾಗಿ ಕತ್ತರಿಸಲು ಹೇಳುವುದು ಲೇಸು. ಮೊಂಡ್ರಿಯಾನ್ ತನ್ನ ಚಿತ್ರವನ್ನು ಚೌಕಟ್ಟಿನೊಳಗೆ ಹೂಳದೆ ಅದರ ಮುಂದಕ್ಕೆ ತಂದು ಕೂರಿಸುತ್ತಿದ್ದ. ಅವನ ಪ್ರತಿಗೆ ಕೆತ್ತನೆಯ ಚಿನ್ನದ ಬಣ್ಣದ ಪಟ್ಟಿ ಹೊಡೆಸುವವರು ಅವನ ಮಾತಿಗೆ ನೇರವಾಗಿ ಎದುರು ಹೇಳಿದಂತೆ. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಗಾಜು ನೇರವಾಗಿ ಹಾಳೆಗೆ ತಾಗಿದ್ದರೆ ತೇವಕ್ಕೆ ಹಾಳೆ ಗಾಜಿಗೇ ಅಂಟಿಕೊಳ್ಳುವುದರಿಂದ, ಮೌಂಟ್ ಬರೀ ಶೋಭೆಗಲ್ಲ, ನಡುವೆ ಗಾಳಿಗೆ ಎಡೆ ಬಿಡುವುದಕ್ಕೂ ಬೇಕು. ಹಿಂದೆ ಹೊಡೆಯುವ ಅಗ್ಗದ ಹಾರ್ಡ್‌ಬೋರ್ಡಿನ ಆಮ್ಲಾಂಶ ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದಿಸುವುದರಿಂದ ಆಮ್ಲರಹಿತ ಹಲಗೆಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ.

ಉಳಿದದ್ದು ಕಾನೂನಿನ ಮಾತು. ಭಾರತದಲ್ಲಿ ಕೃತಿಸ್ವಾಮ್ಯ ಕಲಾವಿದರ ಜೀವಿತಾವಧಿಗೂ, ಅವರು ಸತ್ತ ಮರುವರ್ಷದಿಂದ ಎಣಿಸಿದ 60 ವರ್ಷಗಳಿಗೂ ಇರುತ್ತದೆ. 1931ರಲ್ಲಿ ತೀರಿಕೊಂಡ ಡೂಸ್‌ಬರ್ಗ್, 1944ರಲ್ಲಿ ತೀರಿಕೊಂಡ ಮೊಂಡ್ರಿಯಾನ್ ಇವರ ಕೃತಿಗಳು ಈಗ ಮುಕ್ತವಾಗಿರುವುದರಿಂದ, ಒಳ್ಳೆಯ ಚಿತ್ರಕಡತ ಸಿಕ್ಕರೆ ಬೇಕಾದವರು ತಮ್ಮ ಊರಿನ ಮುದ್ರಕರಿಂದಲೇ ‘ಅಂಕಗಣಿತೀಯ ಸಂಯೋಜನೆ’ಯನ್ನು ಮೂಲದ ಒಂದು ಮೀಟರ್ ಅಳತೆಯಲ್ಲಿಯೇ ಮಾಡಿಸಿಕೊಳ್ಳಬಹುದು. ಎಶರ್‌ಗೆ 2032ರ ಕೊನೆಯವರೆಗೆ, ಆಲ್ಬರ್ಸ್‌ಗೆ 2036ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಪಡೆದ ಪ್ರತಿಗಳನ್ನೇ ಕೊಳ್ಳಬೇಕಾಗುತ್ತದೆ. ಬಹುಪ್ರತಿಗಾಗಿಯೇ ಹದಿನೈದು ಭೇದಗಳನ್ನು ಲಿಥೊಗ್ರಾಫ್‌ಗೆ ಇಳಿಸಿದ ಮ್ಯಾಕ್ಸ್ ಬಿಲ್ 1994ರವರೆಗೆ ಬದುಕಿದ್ದನಾದ್ದರಿಂದ, ಆ ಹಾಳೆಗಳು ಇವರೆಲ್ಲರ ಕೃತಿಗಳಿಗಿಂತ ತಡವಾಗಿ, 2054ರ ನಂತರ, ಎಲ್ಲರ ಮುದ್ರಣಕ್ಕೆ ತೆರೆದುಕೊಳ್ಳುತ್ತವೆ.